ಒಂದು ಕಡೆ ಮುಚ್ಚಿದರೆ ಎಲ್ಲ ಕಡೆ ಮುಚ್ಚಬೇಕು: ಫ್ರೀಐಪಿಎ ಸರ್ವರ್ ಕಟ್ಟಿದ ಹನ್ನೆರಡು ದಿನಗಳ ಟಿಪ್ಪಣಿ

ನಮ್ಮ ತಂಡದಲ್ಲಿ 14 ಜನ. 9 ಲಿನಕ್ಸ್ ಯಂತ್ರಗಳಿವೆ, ಅವುಗಳಲ್ಲಿ 2 ಲ್ಯಾಪ್‌ಟಾಪ್. ಜೊತೆಗೆ ಒಂದು ವಿಕಿ. ಇಷ್ಟು ದಿನ ಪ್ರತಿ ಯಂತ್ರದಲ್ಲೂ ಖಾತೆಗಳನ್ನು ನಾನೇ ಕೈಯಾರೆ ತೆರೆಯುತ್ತಿದ್ದೆ, ನಾನೇ ತೆಗೆಯುತ್ತಿದ್ದೆ. ಒಬ್ಬ ಸಹೋದ್ಯೋಗಿ ಕೆಲಸ ಬಿಟ್ಟಾಗ ಒಂದು ಮಧ್ಯಾಹ್ನ ಪೂರ್ತಿ ಕೂತು ಅವರ ಖಾತೆಯನ್ನು ಎಲ್ಲ ಕಡೆಯಿಂದ ತೆಗೆದೆ ಎಂದುಕೊಂಡಿದ್ದೆ. ಮೂರು ತಿಂಗಳ ನಂತರ ಬೇರೇನನ್ನೋ ಹುಡುಕುತ್ತಿದ್ದಾಗ, ಬ್ಯಾಕಪ್‌ಗಳನ್ನು ಇಡುವ ಯಂತ್ರದಲ್ಲಿ ಅವರ ಖಾತೆಯೂ ದೂರದಿಂದ ಪಾಸ್‌ವರ್ಡ್ ಇಲ್ಲದೆ ಒಳಗೆ ಬರಲು ಬಳಸುವ ಎಸ್‌ಎಸ್‌ಎಚ್ ಕೀಲಿಯೂ ಹಾಗೆಯೇ ಇರುವುದು ಕಣ್ಣಿಗೆ ಬಿತ್ತು. ಅವರು ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಒಂದೇ ಸಾಲು ಬರೆದುಕೊಂಡೆ: ಒಬ್ಬರ ಖಾತೆಯನ್ನು ಒಂದು ಕಡೆ ನಿಷ್ಕ್ರಿಯಗೊಳಿಸಿದರೆ ಎಲ್ಲ ಬಾಗಿಲುಗಳೂ ಮುಚ್ಚಬೇಕು. ಕೀಕ್ಲೋಕ್ ನೋಡಿದೆ. ಅದು ಜಾಲ ಅಪ್ಲಿಕೇಶನ್‌ಗಳ ಲಾಗಿನ್‌ಗೆ ಹೇಳಿ ಮಾಡಿಸಿದ್ದು, ನಮಗೆ ಬೇಕಾದದ್ದು ಲಿನಕ್ಸ್ ಲಾಗಿನ್, ಎಸ್‌ಎಸ್‌ಎಚ್, ಸುಡೊ (ನಿರ್ವಾಹಕರ ಅಧಿಕಾರದಿಂದ ಆಜ್ಞೆ ಕೊಡುವ ಸೌಲಭ್ಯ). ಆದ್ದರಿಂದ ಲಿನಕ್ಸ್ ಯಂತ್ರಗಳ ಖಾತೆಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ಫ್ರೀಐಪಿಎ (ಚಿಕ್ಕದಾಗಿ ಐಪಿಎ) ಆರಿಸಿಕೊಂಡೆ. 389 ಡೈರೆಕ್ಟರಿ ಸರ್ವರ್ (ಖಾತೆಗಳ ಭಂಡಾರ), ಎಂಐಟಿ ಕೆರ್ಬೆರೋಸ್ (ಒಮ್ಮೆ ಪಾಸ್‌ವರ್ಡ್ ಕೊಟ್ಟು ಪಡೆದ ಟಿಕೆಟ್‌ನಿಂದ ಗುರುತು ಸಾಬೀತು ಮಾಡುವ ವ್ಯವಸ್ಥೆ), ಡಾಗ್‌ಟ್ಯಾಗ್ ಪ್ರಮಾಣಪತ್ರ ವ್ಯವಸ್ಥೆ, ಬೈಂಡ್ ಡಿಎನ್‌ಎಸ್ (ಯಂತ್ರದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವುದು) ಎಲ್ಲವನ್ನೂ ಅದೇ ಒಟ್ಟಿಗೆ ಹೊಲಿದು ಕೊಡುತ್ತದೆ.

ದಿನ 1: ಯಂತ್ರ

ಆಲ್ಮಾಲಿನಕ್ಸ್ 9 ಹಾಕಿದ ವರ್ಚುವಲ್ ಯಂತ್ರ. 2 ಸಿಪಿಯು, 2 ಜಿಬಿ ಮೆಮೊರಿ, 40 ಜಿಬಿ ಡಿಸ್ಕ್. ಸರ್ವರ್ ಪ್ಯಾಕೇಜನ್ನೂ ಅದರ ಡಿಎನ್‌ಎಸ್ ಪ್ಯಾಕೇಜನ್ನೂ ಹಾಕಿ ಅನುಸ್ಥಾಪನೆ ಶುರು ಮಾಡಿದೆ. ಮೊದಲ ನಿಮಿಷದಲ್ಲೇ ನಿಂತಿತು. ಯಂತ್ರದ ಹೆಸರು 127.0.0.1ಕ್ಕೆ (ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸಕ್ಕೆ) ಹೋಗುತ್ತಿದೆ, ಅದನ್ನು ಒಪ್ಪುವುದಿಲ್ಲ ಎಂದಿತು. ಹೆಸರು ಮತ್ತು ವಿಳಾಸಗಳ ಸ್ಥಳೀಯ ಪಟ್ಟಿಯಾದ ಹೋಸ್ಟ್ಸ್ ಕಡತದಲ್ಲಿ ನಿಜವಾದ ಐಪಿ ವಿಳಾಸದ ಮುಂದೆ ಪೂರ್ಣ ಹೆಸರನ್ನು ಮೊದಲು, ಚಿಕ್ಕ ಹೆಸರನ್ನು ನಂತರ ಬರೆದೆ. ಈ ಕ್ರಮ ಮುಖ್ಯ. ಚಿಕ್ಕದನ್ನು ಮೊದಲು ಬರೆದರೆ ಯಂತ್ರ ತನ್ನ ಪೂರ್ಣ ಹೆಸರು ಯಾವುದೆಂದು ತಪ್ಪು ಉತ್ತರ ಕೊಡುತ್ತದೆ.

ಎರಡನೇ ಪ್ರಯತ್ನ ಪ್ರಮಾಣಪತ್ರ ಪ್ರಾಧಿಕಾರವನ್ನು ಸಿದ್ಧಪಡಿಸುವ ಹಂತದವರೆಗೆ ಹೋಯಿತು. ಅಲ್ಲಿ 20 ನಿಮಿಷ ಮಿಸುಕಲಿಲ್ಲ. ಡಾಗ್‌ಟ್ಯಾಗ್ ಜಾವಾದ ಮೇಲೆ ಓಡುತ್ತದೆ. 2 ಜಿಬಿ ಸಾಲದೆ ಸ್ವಾಪ್ ತುಂಬಿ ಡಿಸ್ಕ್ ಏದುಸಿರು ಬಿಡುತ್ತಿತ್ತು. ನಿಲ್ಲಿಸಿ, ಯಂತ್ರವನ್ನು ಆಫ್ ಮಾಡಿ, 4 ಜಿಬಿಗೆ ಏರಿಸಿ ಮತ್ತೆ ಹಚ್ಚಿದೆ. ಆಗ ಅನುಸ್ಥಾಪಕ ಮತ್ತೆ 127.0.0.1 ಎಂದು ಬೆಳಗಿನ ತಕರಾರನ್ನೇ ತೆಗೆಯಿತು. ನಾನು ಬರೆದ ಸಾಲೇ ಮಾಯವಾಗಿತ್ತು. ಹೋಸ್ಟ್ಸ್ ಕಡತವನ್ನು ಕ್ಲೌಡ್-ಇನಿಟ್ (ವರ್ಚುವಲ್ ಯಂತ್ರವನ್ನು ತಾನಾಗಿ ಸಿದ್ಧಪಡಿಸುವ ತಂತ್ರಾಂಶ) ಪ್ರತಿ ಸಲ ಯಂತ್ರ ಏಳುವಾಗಲೂ ಹೊಸದಾಗಿ ಬರೆಯುತ್ತದೆ ಎಂಬುದನ್ನು ಪತ್ತೆ ಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಅದರ ಸಂರಚನೆಯಲ್ಲಿ ಹೋಸ್ಟ್ಸ್ ನಿರ್ವಹಣೆಯನ್ನು ಆಫ್ ಮಾಡಿ ಮೂರನೇ ಬಾರಿ ಓಡಿಸಿದೆ. ಹದಿನೈದು ನಿಮಿಷದೊಳಗೆ ಮುಗಿಯಿತು.

ಬೆಂಕಿಗೋಡೆಯಲ್ಲಿ (ಫೈರ್‌ವಾಲ್) 80, 443, 389, 636 ಪೋರ್ಟ್‌ಗಳನ್ನು ಟಿಸಿಪಿಗೆ ತೆರೆದೆ. 88, 464, 53ನ್ನು ಟಿಸಿಪಿ ಮತ್ತು ಯುಡಿಪಿ ಎರಡಕ್ಕೂ ತೆರೆದೆ.

ದಿನ 2 ಮತ್ತು 3: ಹೆಸರಿನ ತಪ್ಪು

ಈ ಇಡೀ ಕೆಲಸದ ಅತಿ ದುಬಾರಿ ತಪ್ಪು ಇಲ್ಲೇ ಆದದ್ದು, ಅದೂ ಯೋಚಿಸದೆ ಒತ್ತಿದ ಒಂದು ಎಂಟರ್‌ನಿಂದ. ಡೊಮೇನ್ ಹೆಸರು ಕೇಳಿದಾಗ ಒಳಗಿನ ಜಾಲ ತಾನೇ ಎಂದು ‘ಡಾಟ್ ಲೋಕಲ್’ ಎಂದು ಕೊನೆಯಾಗುವ ಹೆಸರು ಕೊಟ್ಟಿದ್ದೆ. ಕೆರ್ಬೆರೋಸ್ ರೆಲ್ಮ್ (ಕೆರ್ಬೆರೋಸ್ ನೋಡಿಕೊಳ್ಳುವ ವಲಯದ ಹೆಸರು) ಕೂಡ ಅದೇ ಹೆಸರಿನ ದೊಡ್ಡಕ್ಷರ ರೂಪವಾಯಿತು. ಎರಡನೇ ದಿನ ಉತ್ಸಾಹದಿಂದ ಐದು ಯಂತ್ರಗಳನ್ನು ಸೇರಿಸಿದೆ. ಮೂರರಲ್ಲಿ ಎಲ್ಲ ಸರಿಯಿತ್ತು. ಉಳಿದೆರಡರಲ್ಲಿ ಸರ್ವರ್‌ನ ಹೆಸರು ಒಮ್ಮೆ ಸಿಗುತ್ತಿತ್ತು, ಒಮ್ಮೆ ಸಿಗುತ್ತಿರಲಿಲ್ಲ.

‘ಲೋಕಲ್’ ಎಂಬ ಕೊನೆ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲು. ಅಂತರಜಾಲದ ಮಾನದಂಡ ದಾಖಲೆಯಾದ 2013ರ ಆರ್‌ಎಫ್‌ಸಿ 6762ರಲ್ಲಿ ಅದನ್ನು ಬರೆದಿಟ್ಟಿದ್ದಾರೆ. ಅಂಥ ಹೆಸರು ಕಂಡರೆ ಕೆಲವು ಯಂತ್ರಗಳು ಡಿಎನ್‌ಎಸ್ ಸರ್ವರನ್ನು ಕೇಳುವ ಬದಲು ಜಾಲದಲ್ಲಿರುವ ಅಕ್ಕಪಕ್ಕದ ಯಂತ್ರಗಳನ್ನು ಕೂಗಿ ಕೇಳುತ್ತವೆ. ಒಂದೊಂದು ಯಂತ್ರದಲ್ಲೂ ತೇಪೆ ಹಾಕಬಹುದಿತ್ತು, ಅರ್ಧ ದಿನ ಹಾಕಿಯೂ ನೋಡಿದೆ. ಆದರೆ ನಾಳೆ ಬರುವ ಪ್ರತಿ ಹೊಸ ಯಂತ್ರಕ್ಕೂ ಅದೇ ತೇಪೆ ಹಾಕಬೇಕಾಗುತ್ತಿತ್ತು. ರೆಲ್ಮ್‌ನ ಹೆಸರನ್ನು ಆಮೇಲೆ ಬದಲಿಸಲು ಫ್ರೀಐಪಿಎಯಲ್ಲಿ ದಾರಿಯೇ ಇಲ್ಲ.

ಮೂರನೇ ದಿನ ಐದೂ ಯಂತ್ರಗಳಿಂದ ಕ್ಲೈಂಟ್ (ಅವನ್ನು ಸರ್ವರ್‌ಗೆ ಜೋಡಿಸುವ ತಂತ್ರಾಂಶ) ತೆಗೆದೆ, ಸರ್ವರನ್ನೂ ಅಳಿಸಿ ಮೊದಲಿನಿಂದ ಕಟ್ಟಿದೆ. ಈ ಸಲ ನಮ್ಮದೇ ನೋಂದಾಯಿತ ಡೊಮೇನ್‌ನ ಅಡಿಯಲ್ಲಿ, ಬೇರೆ ಯಾವುದಕ್ಕೂ ಬಳಸದ ಒಂದು ಉಪಡೊಮೇನ್ ಕೊಟ್ಟೆ. ಒಟ್ಟು ನಷ್ಟ ಒಂದೂವರೆ ದಿನ. ಮಾಡಲು ಹೊರಟವರು ಅನುಸ್ಥಾಪಕವನ್ನು ಓಡಿಸುವ ಮುನ್ನ ಈ ಹೆಸರನ್ನು ಕಾಗದದ ಮೇಲೆ ಬರೆದು ಒಂದು ರಾತ್ರಿ ಬಿಡಿ. ಉಳಿದದ್ದನ್ನೆಲ್ಲ ಆಮೇಲೆ ತಿದ್ದಬಹುದು.

ದಿನ 4: ಡಿಎನ್‌ಎಸ್

ಹೊರಗಿನ ಹೆಸರುಗಳು ಸಿಗಲಿಲ್ಲ. ಪ್ರಶ್ನೆಗಳನ್ನು ಮುಂದಕ್ಕೆ ಕಳಿಸುತ್ತಿದ್ದ ರೂಟರ್‌ಗೆ ಡಿಎನ್‌ಎಸ್‌ಎಸ್‌ಇಸಿ (ಡಿಎನ್‌ಎಸ್ ಉತ್ತರ ಅಸಲಿಯೇ ಎಂದು ಸಹಿಯಿಂದ ಪರಿಶೀಲಿಸುವ ಕ್ರಮ) ಬರುತ್ತಿರಲಿಲ್ಲ, ಬೈಂಡ್ ಪರಿಶೀಲನೆ ಬಯಸುತ್ತಿತ್ತು. ಪರಿಶೀಲನೆಯನ್ನೇ ಆಫ್ ಮಾಡುವ ದಾರಿಯಿದೆ. ನಾನು ಹಾಗೆ ಮಾಡದೆ, ಪ್ರಶ್ನೆಗಳನ್ನು ಮುಂದಕ್ಕೆ ಕಳಿಸಲು ಅದನ್ನು ಬಲ್ಲ ಬೇರೆ ಸರ್ವರ್ (ಫಾರ್ವರ್ಡರ್) ಹಾಕಿದೆ.

ಇನ್ನೊಂದು ತಪ್ಪು ನನ್ನದೇ. ಐಪಿಎ ಸರ್ವರ್ ಕೆಟ್ಟರೆ ಅಂತರಜಾಲವಾದರೂ ಇರಲಿ ಎಂದು ಕ್ಲೈಂಟ್‌ಗಳಲ್ಲಿ ಎರಡನೇ ಡಿಎನ್‌ಎಸ್ ಆಗಿ ಹೊರಗಿನ ಒಂದು ಸಾರ್ವಜನಿಕ ಸರ್ವರನ್ನು ಕೊಟ್ಟಿದ್ದೆ. ಮೊದಲನೆಯದು ಒಂದು ಕ್ಷಣ ತಡವಾದರೂ ಕ್ಲೈಂಟ್ ಎರಡನೆಯದನ್ನು ಕೇಳುತ್ತದೆ. ಅದಕ್ಕೆ ನಮ್ಮ ಒಳಹೆಸರುಗಳು ಗೊತ್ತಿಲ್ಲ, ಅಂಥ ಹೆಸರೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಡುತ್ತದೆ. ಕ್ಲೈಂಟ್ ಅದನ್ನೇ ನಂಬುತ್ತದೆ. ಎರಡು ಮೂರು ಸಲ ಯಾವುದಾದರೊಂದು ಯಂತ್ರಕ್ಕೆ ನನಗೆ ಲಾಗಿನ್ ಆಗದೆ, ಏನೆಂದು ನೋಡಲು ಹೋಗುವಷ್ಟರಲ್ಲಿ ಸರಿಯಾಗಿರುತ್ತಿತ್ತು. ಆ ಎರಡನೇ ವಿಳಾಸವನ್ನು ಎಲ್ಲ ಕಡೆ ತೆಗೆದ ಮೇಲೆ ಈ ಕಾಟ ನಿಂತಿತು.

ದಿನ 5: ಗಡಿಯಾರ

ನನ್ನ ಯಂತ್ರದಲ್ಲಿ ಕೆರ್ಬೆರೋಸ್ ಟಿಕೆಟ್ ಸಲೀಸಾಗಿ ಸಿಕ್ಕಿತು. ಅದನ್ನು ಹಿಡಿದು ಏಳು ಯಂತ್ರಗಳಿಗೆ ಪಾಸ್‌ವರ್ಡ್ ಇಲ್ಲದೆ ಹೋದೆ. ಎಂಟನೆಯದು ಮಾತ್ರ ಪಾಸ್‌ವರ್ಡ್ ಕೇಳಿತು. ಅದರ ಲಾಗ್‌ನಲ್ಲಿ ಗಡಿಯಾರಗಳ ಅಂತರ ಅತಿಯಾಯಿತು ಎಂಬ ಸಾಲಿತ್ತು. ನೋಡಿದರೆ ಅದರ ಗಡಿಯಾರ 7 ನಿಮಿಷ ಹಿಂದೆ. ಕೆರ್ಬೆರೋಸ್ ಸಾಮಾನ್ಯವಾಗಿ 5 ನಿಮಿಷದವರೆಗೆ ಸಹಿಸುತ್ತದೆ.

ಗಡಿಯಾರವನ್ನು ಸರಿಯಾಗಿಡುವ ಕ್ರೋನಿ ಎಂಬ ತಂತ್ರಾಂಶ ಓಡುತ್ತಲೇ ಇತ್ತು, ಆದ್ದರಿಂದ ಗಡಿಯಾರ ತಪ್ಪಿರಲಾರದು ಎಂದು ಅರ್ಧ ಗಂಟೆ ಬೇರೆ ಕಡೆ ಹುಡುಕಿದೆ. ಆ ವರ್ಚುವಲ್ ಯಂತ್ರವನ್ನು ಬೆಳಿಗ್ಗೆ ಸ್ವಲ್ಪ ಹೊತ್ತು ತಡೆಹಿಡಿದು ಮತ್ತೆ ಎಬ್ಬಿಸಿದ್ದೆ. ಅದರಲ್ಲಿದ್ದ ಸಂರಚನೆಯಂತೆ ಕ್ರೋನಿ ಶುರುವಾದ ಮೇಲಿನ ಮೊದಲ ಮೂರು ತಿದ್ದುಪಡಿಗಳಲ್ಲಿ ಮಾತ್ರ ಗಡಿಯಾರವನ್ನು ಒಮ್ಮೆಲೇ ಜಿಗಿಸುತ್ತದೆ. ಆಮೇಲೆ ಎಷ್ಟೇ ತಪ್ಪಿದ್ದರೂ ಮೆಲ್ಲಮೆಲ್ಲನೆ ಎಳೆಯುತ್ತದೆ. ಕೈಯಾರೆ ಜಿಗಿಸಿದೆ. ತಡೆಹಿಡಿಯುವ ಸಾಧ್ಯತೆಯಿರುವ ಯಂತ್ರಗಳಲ್ಲಿ ಆ ಮೂರರ ಮಿತಿಯನ್ನು ತೆಗೆದು ಯಾವಾಗ ಬೇಕಾದರೂ ಜಿಗಿಸಲು ಬಿಟ್ಟೆ.

ದಿನ 6: ಬಳಕೆದಾರರು ಮತ್ತು ಅವರ ಕಡತಗಳು

14 ಜನರನ್ನು ಸೇರಿಸುವುದು ಸಣ್ಣ ಸ್ಕ್ರಿಪ್ಟ್‌ನಿಂದ ಎರಡು ನಿಮಿಷದಲ್ಲಿ ಮುಗಿಯಿತು. ಕಷ್ಟ ಶುರುವಾದದ್ದು ಯುಐಡಿಗಳಿಂದ, ಅಂದರೆ ಕಡತ ಯಾರದೆಂದು ಯಂತ್ರ ಗುರುತಿಸುವ ಬಳಕೆದಾರ ಸಂಖ್ಯೆಗಳಿಂದ. ಹಳೆಯ ಖಾತೆಗಳ ಸಂಖ್ಯೆಗಳು 1001, 1002 ಎಂದು ನಡೆಯುತ್ತವೆ. ಫ್ರೀಐಪಿಎ 2,00,000 ಸಂಖ್ಯೆಗಳ ಒಂದು ವ್ಯಾಪ್ತಿಯನ್ನು ಎಲ್ಲೋ ಬಹಳ ಮೇಲೆ ಆರಿಸಿಕೊಳ್ಳುತ್ತದೆ. ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳೋಣವೆಂದರೆ ಒಬ್ಬರೇ ಒಂದು ಯಂತ್ರದಲ್ಲಿ 1003, ಇನ್ನೊಂದರಲ್ಲಿ 1005. ಆದ್ದರಿಂದ ಹೊಸ ಸಂಖ್ಯೆಗಳನ್ನೇ ಒಪ್ಪಿ, ಕಡತಗಳ ಒಡೆತನ ಬದಲಿಸಲು ನಿರ್ಧರಿಸಿದೆ.

ಇಲ್ಲಿ ಅವಸರ ಮಾಡಿದೆ. ಮೊದಲ ಯಂತ್ರದ ಪಟ್ಟಿಯನ್ನು ಇಟ್ಟುಕೊಂಡು ಬರೆದ ಸ್ಕ್ರಿಪ್ಟನ್ನು ಎರಡನೇ ಯಂತ್ರದಲ್ಲೂ ಓಡಿಸಿದೆ. ಅಲ್ಲಿ 1003 ಬೇರೆಯವರದಾಗಿತ್ತು. ಒಬ್ಬರ ಮನೆ ಡೈರೆಕ್ಟರಿ ಪೂರ್ತಿ ಇನ್ನೊಬ್ಬರ ಹೆಸರಿಗೆ ಹೋಯಿತು. ಅದನ್ನು ತಿರುಗಿಸುವುದು ಸುಲಭ. ಆದರೆ ಎಲ್ಲರೂ ಬರೆಯುವ ಹಂಚಿಕೆಯ ಡೈರೆಕ್ಟರಿಯಲ್ಲಿ ಯಾವ ಕಡತ ಯಾರದ್ದಾಗಿತ್ತು ಎಂದು ಹೇಳುವ ಗುರುತೇ ಉಳಿಯಲಿಲ್ಲ. ಹಿಂದಿನ ರಾತ್ರಿಯ ಬ್ಯಾಕಪ್‌ನಿಂದ ಒಡೆತನದ ಪಟ್ಟಿಯನ್ನು ಮಾತ್ರ ತೆಗೆದು, ಕಡತ ಕಡತಕ್ಕೂ ಹೊಂದಿಸಿದೆ. ರಾತ್ರಿ ಹನ್ನೊಂದಾಯಿತು. ಪ್ರತಿ ಯಂತ್ರಕ್ಕೂ ಅದರದೇ ಪಾಸ್‌ವರ್ಡ್ ಕಡತದಿಂದ ಪಟ್ಟಿ ತೆಗೆಯಬೇಕು, ಬದಲಿಸುವ ಮುನ್ನ ಈಗಿನ ಒಡೆತನವನ್ನು ಒಂದು ಕಡತಕ್ಕೆ ಬರೆದಿಡಬೇಕು. ಮೂರನೇ ಯಂತ್ರದಿಂದ ಹಾಗೆಯೇ ಮಾಡಿದೆ.

ಸಹೋದ್ಯೋಗಿಗಳಿಗೆ ಮೊದಲೇ ತಿಳಿಸಬೇಕಾದ ಒಂದು ಮಾತು: ನಿರ್ವಾಹಕರು ಕೊಟ್ಟ ಪಾಸ್‌ವರ್ಡ್ ಹುಟ್ಟುವಾಗಲೇ ಅವಧಿ ಮುಗಿದದ್ದಾಗಿರುತ್ತದೆ, ಮೊದಲ ಲಾಗಿನ್‌ನಲ್ಲೇ ಬದಲಿಸಬೇಕು. ನಾನು ತಿಳಿಸಿರಲಿಲ್ಲ. ಬೆಳಿಗ್ಗೆ ಆರು ಜನ ಪಾಸ್‌ವರ್ಡ್ ತಪ್ಪಾಗಿದೆ ಎಂದು ಬಂದರು.

ದಿನ 7: ವಿಕಿ

ವಿಕಿಯನ್ನು ಎಲ್‌ಡಿಎಪಿಗೆ (ಖಾತೆಗಳ ಡೈರೆಕ್ಟರಿಯನ್ನು ಓದುವ ವಿಧಾನ) ಜೋಡಿಸಿದೆ. ಡೈರೆಕ್ಟರಿ ಮರದಂತೆ ಕವಲೊಡೆದಿರುತ್ತದೆ, ಹುಡುಕಾಟದ ಬುಡವಾಗಿ ಆ ಮರದ ಬೇರನ್ನೇ ಕೊಟ್ಟಿದ್ದರಿಂದ ಪ್ರತಿಯೊಬ್ಬರೂ ಎರಡೆರಡು ಸಲ ಸಿಕ್ಕರು, ವಿಕಿ ಯಾರನ್ನೂ ಒಳಗೆ ಬಿಡಲಿಲ್ಲ. ಅಕೌಂಟ್ಸ್ ಕೊಂಬೆಯಲ್ಲಿ ನಿಜವಾದ ದಾಖಲೆ, ಕಂಪ್ಯಾಟ್ ಕೊಂಬೆಯಲ್ಲಿ ಹಳೆಯ ಕ್ಲೈಂಟ್‌ಗಳಿಗಾಗಿ ಅದರದೇ ನೆರಳು. ಬುಡವನ್ನು ಅಕೌಂಟ್ಸ್‌ನೊಳಗಿನ ಯೂಸರ್ಸ್‌ಗೆ ಇಳಿಸಿದೆ.

ಡೈರೆಕ್ಟರಿಯನ್ನು ಓದಲು ವಿಕಿಗೆ ಒಂದು ಖಾತೆ ಬೇಕು. ಸಾಮಾನ್ಯ ಬಳಕೆದಾರರಾಗಿ ಮಾಡಿದರೆ 90 ದಿನಗಳ ಪಾಸ್‌ವರ್ಡ್ ನಿಯಮ ಅದಕ್ಕೂ ಅಂಟಿಕೊಳ್ಳುತ್ತದೆ. ಸಿಸ್ಟಂ ಖಾತೆಗಳ ಪ್ರತ್ಯೇಕ ಕೊಂಬೆಯಲ್ಲಿ ಅದನ್ನು ಹುಟ್ಟಿಸಿ, ಪಾಸ್‌ವರ್ಡ್ ಅವಧಿಯನ್ನು 2038ರ ಜನವರಿ 19ಕ್ಕೆ ಇಟ್ಟೆ. ಸಮಯವನ್ನು 32 ಬಿಟ್‌ಗಳಲ್ಲಿ ಎಣಿಸುವ ವ್ಯವಸ್ಥೆಗಳ ಎಣಿಕೆ ತೀರಿಹೋಗುವ ದಿನ ಅದು.

ದಿನ 8: ಯಾರು ಎಲ್ಲಿಗೆ

ಫ್ರೀಐಪಿಎ ಬರುವಾಗಲೇ ಎಲ್ಲರಿಗೂ ಎಲ್ಲ ಯಂತ್ರಗಳಿಗೂ ಪ್ರವೇಶ ಕೊಡುವ ಒಂದು ನಿಯಮ ಹೊತ್ತು ಬರುತ್ತದೆ. ನಾನು ಎಸ್‌ಎಸ್‌ಎಚ್‌ಗೆ ಗುಂಪುವಾರು ನಿಯಮಗಳನ್ನು ಬರೆದು ಆ ಮೂಲ ನಿಯಮವನ್ನು ಆಫ್ ಮಾಡಿದೆ. ಎಸ್‌ಎಸ್‌ಎಚ್ ನಡೆಯಿತು. ಸುಡೊ ಎಲ್ಲರಿಗೂ ನಿಂತಿತು. ಸುಡೊ ನಿಯಮಗಳನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ಏಕೆಂದರೆ ತಪ್ಪು ಅಲ್ಲಿರಲಿಲ್ಲ. ಪ್ರವೇಶ ನಿಯಮಗಳ ಕಣ್ಣಿನಲ್ಲಿ ಸುಡೊ ಕೂಡ ಒಂದು ಸೇವೆ, ಅದನ್ನೂ ಹೆಸರಿಸಿ ಒಪ್ಪಿಗೆ ಕೊಡಬೇಕು. ಮಧ್ಯರಾತ್ರಿ ತಾವಾಗಿ ಓಡುವ ಕ್ರಾನ್ ಕೆಲಸಗಳೂ ನಿಂತಿದ್ದವು ಎಂಬುದು ಮರುದಿನ ಬೆಳಿಗ್ಗೆ ಗೊತ್ತಾಯಿತು. ಅದಕ್ಕೂ ಪ್ರತ್ಯೇಕ ಒಪ್ಪಿಗೆ ಬೇಕಿತ್ತು. ನಿಯಮ ಆಫ್ ಮಾಡುವ ಮುನ್ನ ಯಾರು, ಯಾವ ಯಂತ್ರ, ಯಾವ ಸೇವೆ ಎಂದು ಕೊಟ್ಟು ಜಾರಿಗೆ ತರದೆಯೇ ಪರೀಕ್ಷೆ ಮಾಡಲು ಫ್ರೀಐಪಿಎಯಲ್ಲೇ ಒಂದು ಆಜ್ಞೆ ಇದೆ. ನಾನು ಅದನ್ನು ಎಲ್ಲ ಮುಗಿದ ಮೇಲೆ ಓದಿದೆ.

ದಿನ 9: ಬಾಗಿಲುಗಳ ಎಣಿಕೆ

ಮೊದಲ ಪುಟದ ಸಾಲನ್ನು ಪರೀಕ್ಷಿಸುವ ದಿನ. ಒಬ್ಬ ಸಹೋದ್ಯೋಗಿಯ ಒಪ್ಪಿಗೆ ಪಡೆದು, ಅವರು ಕೆಲಸದ ಮಧ್ಯೆ ಇರುವಾಗಲೇ ಅವರ ಖಾತೆಯನ್ನು ನಿಷ್ಕ್ರಿಯಗೊಳಿಸಿದೆ. ಸುಳ್ಳು ಖಾತೆಯೊಂದನ್ನು ಹುಟ್ಟಿಸಿ ಪರೀಕ್ಷಿಸಬಹುದಿತ್ತು. ಹಾಗೆ ಮಾಡದಿದ್ದುದೇ ಒಳ್ಳೆಯದಾಯಿತು. ಮುಂದೆ ಸಿಕ್ಕಿದ್ದು ಹೊಸ ಖಾತೆಯಲ್ಲಿ ಸಿಗುತ್ತಲೇ ಇರಲಿಲ್ಲ.

ಏಳು ಯಂತ್ರಗಳು ಹೊಸ ಲಾಗಿನ್ ಅನ್ನು ತಕ್ಷಣ ನಿರಾಕರಿಸಿದವು. ಬ್ಯಾಕಪ್ ಯಂತ್ರ ಮತ್ತು ಇನ್ನೊಂದು, ಇವೆರಡಕ್ಕೆ ಅವರು ಏನೂ ಆಗದವರಂತೆ ಒಳಗೆ ಹೋದರು. ಹೋಗಿ, ನಾನು ಪಕ್ಕದಲ್ಲೇ ಕೂತಿದ್ದಾಗ, ಸುಡೊ ಕೂಡ ಮಾಡಿ ತೋರಿಸಿದರು.

ಸರ್ವರ್‌ನಲ್ಲಿ ಹುಡುಕಿದೆ, ಏನೂ ತಪ್ಪಿಲ್ಲ. ಕ್ಯಾಶೆ ಖಾಲಿ ಮಾಡಿದೆ, ಪ್ರತಿ ಯಂತ್ರದಲ್ಲೂ ಐಪಿಎಯಿಂದ ಖಾತೆಗಳ ಮಾಹಿತಿ ತರುವ ಎಸ್‌ಎಸ್‌ಎಸ್‌ಡಿಯನ್ನು ಮತ್ತೆ ಶುರು ಮಾಡಿದೆ, ಅವರು ಮತ್ತೆ ಒಳಗೆ ಹೋದರು. ಎರಡು ಗಂಟೆ ಕಳೆದ ಮೇಲೆ ಅವರ ಪರದೆಯಲ್ಲೇ ‘ಐಡಿ’ ಎಂಬ ಎರಡಕ್ಷರದ ಆಜ್ಞೆ ಕೊಟ್ಟು ನೋಡಿದೆ. ಬರಬೇಕಾದದ್ದು ಹತ್ತು ಅಂಕಿಗಳ ಉದ್ದನೆಯ ಸಂಖ್ಯೆ. ಪರದೆಯ ಮೇಲಿದ್ದದ್ದು 1004.

ಆ ನಾಲ್ಕು ಅಂಕಿಗಳು ಎಲ್ಲವನ್ನೂ ಹೇಳಿಬಿಟ್ಟವು. ಆ ಎರಡು ಯಂತ್ರಗಳ ಪಾಸ್‌ವರ್ಡ್ ಕಡತದಿಂದ ಹಳೆಯ ಸ್ಥಳೀಯ ಖಾತೆಗಳನ್ನು ನಾನು ತೆಗೆದೇ ಇರಲಿಲ್ಲ. ಹೆಸರನ್ನು ಹುಡುಕುವಾಗ ಯಂತ್ರ ಮೊದಲು ತನ್ನ ಕಡತಗಳನ್ನು ನೋಡುತ್ತದೆ, ಅಲ್ಲಿ ಇಲ್ಲದಿದ್ದರೆ ಮಾತ್ರ ಎಸ್‌ಎಸ್‌ಎಸ್‌ಡಿಯನ್ನು ಕೇಳುತ್ತದೆ. ಸ್ಥಳೀಯ ಬಳಕೆದಾರ ಎಂದು ಕಂಡ ಕೂಡಲೇ ಪ್ಯಾಮ್ (ಲಾಗಿನ್‌ಗೆ ಒಪ್ಪಿಗೆ ಕೊಡುವ ವ್ಯವಸ್ಥೆ) ಕೂಡ ಐಪಿಎಯ ಮಾತನ್ನು ಕೇಳುವ ಗೊಡವೆಗೇ ಹೋಗದೆ ಬಿಟ್ಟುಬಿಡುತ್ತದೆ. ಅಂದರೆ ಐಪಿಎ ಆ ಇಬ್ಬರು ಕಾವಲುಗಾರರಿಗೆ ಆದೇಶ ಕಳಿಸಿತ್ತು, ಅವರು ತಮ್ಮ ಜೇಬಿನಲ್ಲಿದ್ದ ಹಳೆಯ ಪಟ್ಟಿಯನ್ನು ನೋಡಿ ಒಳಗೆ ಬಿಡುತ್ತಿದ್ದರು. ಹೊಸ ಸರ್ವರ್ ಇದೆ ಎಂಬ ನೆಮ್ಮದಿಯಲ್ಲಿ ನಾನು ಮೊದಲಿಗಿಂತ ಹೆಚ್ಚು ಮೈಮರೆತಿದ್ದೆ. ಇದನ್ನು ಬರೆಯುವುದು ನನಗೆ ಹಿತವಾಗಿಲ್ಲ, ಆದರೆ ಈ ಟಿಪ್ಪಣಿಯನ್ನು ಬರೆಯಲು ಕೂತದ್ದೇ ಇದಕ್ಕಾಗಿ.

9 ಯಂತ್ರಗಳಲ್ಲೂ ಒಂದೊಂದಾಗಿ 1000ಕ್ಕಿಂತ ಮೇಲಿನ ಸ್ಥಳೀಯ ಖಾತೆಗಳ ಪಟ್ಟಿ ತೆಗೆದೆ. ಆ ಎರಡರಲ್ಲಿ ಸೇರಿ 11 ಖಾತೆಗಳು ಉಳಿದಿದ್ದವು. ಮೊದಲು ಒಡೆತನ ಬದಲಿಸಿ, ಆಮೇಲೆ ಮನೆ ಡೈರೆಕ್ಟರಿಯನ್ನು ಮುಟ್ಟದೆ ಖಾತೆಯನ್ನು ಮಾತ್ರ ಅಳಿಸಿದೆ. ಸುಡೊ ಯಾರಿಗೆಂದು ಹೇಳುವ ಸುಡೊಅರ್ಸ್‌ನ ಉಪಡೈರೆಕ್ಟರಿಯಲ್ಲಿ ಹೆಸರು ಹಿಡಿದು ಬರೆದ ಹಳೆಯ ಕಡತಗಳಿದ್ದವು. ಅವು ಹೆಸರನ್ನಷ್ಟೇ ನೋಡುವುದರಿಂದ ಐಪಿಎ ಬಳಕೆದಾರರಿಗೂ ಅನ್ವಯಿಸುತ್ತಿದ್ದವು. ಅವನ್ನೂ ತೆಗೆದೆ. ಪ್ರತಿ ಯಂತ್ರದಲ್ಲೂ ಒಂದೇ ಒಂದು ತುರ್ತು ಸ್ಥಳೀಯ ಖಾತೆ ಇಟ್ಟಿದ್ದೇನೆ, ಪಾಸ್‌ವರ್ಡ್ ಲಕೋಟೆಯಲ್ಲಿ ಮೊಹರು ಮಾಡಿದೆ. ಐಪಿಎಯೇ ಬಿದ್ದ ದಿನ ಒಳಗೆ ಹೋಗಲು ದಾರಿ ಬೇಕು.

ಇನ್ನುಳಿದ ಬಿರುಕುಗಳೂ ಅದೇ ದಿನ ಕಂಡವು. ಆಗಲೇ ತೆರೆದಿದ್ದ ಎಸ್‌ಎಸ್‌ಎಚ್ ಸೆಷನ್‌ಗಳು ಮುಚ್ಚಲಿಲ್ಲ. ಕೈಯಲ್ಲಿದ್ದ ಕೆರ್ಬೆರೋಸ್ ಟಿಕೆಟ್ ಹೆಚ್ಚೆಂದರೆ 24 ಗಂಟೆ ಬದುಕಿರುತ್ತದೆ, ಆದರೆ ಯಂತ್ರಗಳಿಗೆ ಹೋಗುವಾಗ ಖಾತೆಯ ಪರಿಶೀಲನೆಯೂ ನಡೆಯುವುದರಿಂದ ಅದು ಅಲ್ಲಿ ನಡೆಯಲಿಲ್ಲ. ವಿಕಿಯಲ್ಲಿ ಹೊಸ ಲಾಗಿನ್ ಆಗಲಿಲ್ಲ, ಆದರೆ ‘ನೆನಪಿಟ್ಟುಕೋ’ ಎಂದು ಗುರುತು ಹಾಕಿದ್ದ ಬ್ರೌಸರ್ ಒಳಗೇ ಇತ್ತು. ಜಾಲ ಕಿತ್ತ ಲ್ಯಾಪ್‌ಟಾಪ್ ಹಳೆಯ ಪಾಸ್‌ವರ್ಡನ್ನು ಒಪ್ಪಿಕೊಂಡಿತು. ಎಸ್‌ಎಸ್‌ಎಸ್‌ಡಿ ಹೀಗೆ ಉಳಿಸಿಕೊಂಡ ಪಾಸ್‌ವರ್ಡ್‌ಗೆ ತಾನಾಗಿ ಯಾವ ಅವಧಿಯನ್ನೂ ಹಾಕುವುದಿಲ್ಲ.

ಸೆಷನ್‌ಗಳಿಗೆ, ಖಾತೆ ನಿಷ್ಕ್ರಿಯಗೊಳಿಸಿ ಕೂಡಲೇ ಎಲ್ಲ ಯಂತ್ರಗಳಲ್ಲೂ ಆ ಬಳಕೆದಾರರ ಸೆಷನ್‌ಗಳನ್ನು ಕೊನೆಗೊಳಿಸುವ ಸ್ಕ್ರಿಪ್ಟ್ ಬರೆದೆ. ವಿಕಿಯಲ್ಲಿ ನೆನಪಿನ ಸೌಲಭ್ಯವನ್ನೇ ತೆಗೆದು, ಸೆಷನ್ ಅವಧಿಯನ್ನು ಒಂದು ಗಂಟೆಗೆ ಇಳಿಸಿದೆ. ಲ್ಯಾಪ್‌ಟಾಪ್‌ಗಳಲ್ಲಿ ಉಳಿಸಿದ ಪಾಸ್‌ವರ್ಡ್‌ಗೆ 3 ದಿನಗಳ ಮಿತಿ ಹಾಕಿದೆ.

ದಿನ 10 ಮತ್ತು 11: ಎರಡನೇ ಸರ್ವರ್, ಬ್ಯಾಕಪ್

ರೆಪ್ಲಿಕಾ, ಅಂದರೆ ಮೊದಲ ಸರ್ವರ್‌ನ ಪ್ರತಿ, ಸೇರಿಸಿದೆ, ಪ್ರಮಾಣಪತ್ರ ಪ್ರಾಧಿಕಾರದ ಸಮೇತ. ಅದಿಲ್ಲದೆ ಸೇರಿಸಿದರೆ ಪ್ರಾಧಿಕಾರ ಮೊದಲ ಯಂತ್ರವೊಂದರಲ್ಲೇ ಉಳಿಯುತ್ತದೆ. ದಿನ 4ರಲ್ಲಿ ತೆಗೆದ ಎರಡನೇ ಡಿಎನ್‌ಎಸ್ ವಿಳಾಸದ ಜಾಗಕ್ಕೆ ಈಗ ಇದರ ವಿಳಾಸ ಬಂತು.

ಪೂರ್ಣ ಬ್ಯಾಕಪ್ ತೆಗೆಯುವಾಗ ಐಪಿಎ ಸೇವೆಗಳು ನಿಲ್ಲುತ್ತವೆ, ಅದಕ್ಕೆ ರಾತ್ರಿ ಮೂರಕ್ಕೆ ಇಟ್ಟೆ. ಕೇಳದಿದ್ದರೆ ಅದು ಗೂಢಲಿಪೀಕರಣ ಮಾಡುವುದಿಲ್ಲ. ಎಲ್ಲ ಕೀಲಿಗಳೂ ಒಂದೇ ಕಟ್ಟಿನಲ್ಲಿ ಬಯಲಾಗಿರುತ್ತವೆ, ಆದ್ದರಿಂದ ಜಿಪಿಜಿಯಿಂದ ಗೂಢಲಿಪೀಕರಣ ಮಾಡಿದೆ. ಮರುಸ್ಥಾಪನೆಯನ್ನು ಜಾಲದಿಂದ ಬೇರ್ಪಡಿಸಿದ, ಅದೇ ಹೆಸರಿನ ಹೊಸ ಯಂತ್ರದಲ್ಲಿ ಮಾಡಿ ನೋಡಿದೆ. ಹೊಸ ಯಂತ್ರ ನವೀಕರಣಗೊಂಡಿದ್ದರಿಂದ ಐಪಿಎ ಆವೃತ್ತಿ ಬೇರೆಯಾಗಿತ್ತು, ಎಚ್ಚರಿಸಿ ಮುಂದುವರಿಯಲೇ ಎಂದು ಕೇಳಿತು. ಬೇಡವೆಂದು, ಹಳೆಯ ಆವೃತ್ತಿ ಹಾಕಿ ಮತ್ತೆ ಮಾಡಿದೆ. 35 ನಿಮಿಷ ಹಿಡಿಯಿತು. ಅಂದಿನಿಂದ ಬ್ಯಾಕಪ್ ಕಡತದ ಹೆಸರಿನಲ್ಲೇ ಆವೃತ್ತಿ ಸಂಖ್ಯೆಯನ್ನೂ ಬರೆಯುತ್ತಿದ್ದೇನೆ.

ದಿನ 12: ಮತ್ತೆ ಎಣಿಕೆ

ಅದೇ ಸಹೋದ್ಯೋಗಿ, ಅದೇ ಕುರ್ಚಿ. ಮಧ್ಯಾಹ್ನ 3:10ಕ್ಕೆ ಖಾತೆ ನಿಷ್ಕ್ರಿಯ, ಬೆನ್ನಿಗೇ ಸ್ಕ್ರಿಪ್ಟ್. ಅವರ ಮುಂದೆ ತೆರೆದಿದ್ದ ನಾಲ್ಕು ಟರ್ಮಿನಲ್‌ಗಳು ಒಂದರ ಹಿಂದೊಂದು ಮುಚ್ಚಿಕೊಂಡವು. 3:11ರಿಂದ ಅವರು ಒಂದೊಂದೇ ಯಂತ್ರಕ್ಕೆ ಹೋಗಲು ನೋಡಿದರು, ನಾನು ಗುರುತು ಹಾಕುತ್ತಾ ಹೋದೆ. ಬ್ಯಾಕಪ್ ಯಂತ್ರವನ್ನು ಕೊನೆಗೆ ಇಟ್ಟುಕೊಂಡಿದ್ದೆವು. 3:16ಕ್ಕೆ ಅದೂ ನಿರಾಕರಿಸಿತು. ವಿಕಿಯ ಹಳೆಯ ಸೆಷನ್ 4:02ಕ್ಕೆ ಬಿತ್ತು. ಜಾಲವಿಲ್ಲದ ಲ್ಯಾಪ್‌ಟಾಪ್ ಮಾತ್ರ ಇನ್ನೂ ತೆರೆಯುತ್ತಿದೆ, 3 ದಿನಗಳ ಮಿತಿ ಮುಗಿಯುವವರೆಗೆ ತೆರೆಯುತ್ತದೆ. ಅದನ್ನು ಬಾಕಿ ಪಟ್ಟಿಯ ಮೊದಲ ಸಾಲಾಗಿ ಬರೆದು, ಅವರ ಖಾತೆಯನ್ನು ಮತ್ತೆ ಸಕ್ರಿಯಗೊಳಿಸಿದೆ.